ಹೊಸ ಬುಶ್ ಆರೇ ತಿಂಗಳಿಗೆ ಯಾಕೆ ಹೋಯಿತು?

ಪ್ರಶ್ನೆ: ನನ್ನದು ಇಸುಜು ಡಿ-ಮ್ಯಾಕ್ಸ್ ಪಿಕಪ್. ದಿನಾ ಪೀಣ್ಯದಿಂದ ಹೊಸೂರು ರಸ್ತೆ ಕಡೆಗೆ ಲೋಡ್ ಹೊಡೆಯುತ್ತೇನೆ. 1 ಲಕ್ಷ 30 ಸಾವಿರ ಕಿ.ಮೀ. ಓಡಿದೆ. ಹಂಪ್ ಹತ್ತಿ ಇಳಿಯುವಾಗ ಮುಂದುಗಡೆ ‘ದಡ್’ ಅಂತ ಶಬ್ದ ಬರುತ್ತಿತ್ತು. ಆರು ತಿಂಗಳ ಹಿಂದೆ ಎರಡೂ ಕಡೆ ಲೋವರ್ ಆರ್ಮ್, ಅಪ್ಪರ್ ಆರ್ಮ್ ಬುಶ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳುಗಳ ಬುಡದ ರಬ್ಬರ್) ಹಾಕಿಸಿದೆ. ಈಗ ಮತ್ತೆ ಅದೇ ಶಬ್ದ. ಎಡಗಡೆ ಟೈರಿನ ಒಳಗಂಚು ಸವೆಯುತ್ತಿದೆ. ಬ್ರೇಕ್ ಹಾಕಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಒಬ್ಬ ಮೆಕ್ಯಾನಿಕ್ ‘ಬುಶ್ ಲೋಕಲ್ ಹಾಕಿದ್ದಾರೆ’ ಅಂದರು. ಇನ್ನೊಬ್ಬರು ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್ ತರಹದ ‘ಪಾಲಿಯುರೇಥೇನ್ ಹಾಕ್ಸಿ’ ಅಂತಾರೆ. ಮೂರನೆಯವರು ‘ಆರ್ಮ್ ಸೆಟ್ಟೇ ಬದಲಾಯಿಸಿ’ ಅಂತಾರೆ. ಯಾರ ಮಾತು ಕೇಳಲಿ?
— ಓದುಗರು, ದಾಸರಹಳ್ಳಿ

ಉತ್ತರ: ಈ ಮೂವರನ್ನೂ ಸ್ವಲ್ಪ ಪಕ್ಕಕ್ಕಿಡಿ. ಆರು ತಿಂಗಳ ಹಿಂದೆ ಕೆಲಸ ಮಾಡಿದ ಗ್ಯಾರೇಜಿಗೆ ಹೋಗಿ ಒಂದು ವಿಷಯ ವಿಚಾರಿಸಿ. ಆರ್ಮ್‌ನ ಬೋಲ್ಟುಗಳನ್ನು ಕೊನೆಯದಾಗಿ ಬಿಗಿ ಮಾಡಿದ್ದು ಯಾವಾಗ? ಗಾಡಿ ಮೇಲೆತ್ತಿ ಚಕ್ರ ಜೋತಾಡುತ್ತಿದ್ದಾಗಲೋ, ಚಕ್ರ ನೆಲಕ್ಕೆ ಕೂತ ಮೇಲೋ? ‘ಮೇಲಿದ್ದಾಗಲೇ ಟೈಟ್ ಮಾಡಿ ಇಳಿಸಿದ್ವಿ’ ಅಂದರೆ, ನಿಮ್ಮ ಬುಶ್ ಇಷ್ಟು ಬೇಗ ಹೋಗಿದ್ದಕ್ಕೆ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಹಾಗೇನಾದರೂ ಆಗಿದ್ದರೆ, ಎಷ್ಟೇ ದುಬಾರಿ ಕಂಪನಿ ಬುಶ್ ತಂದು ಹಾಕಿದರೂ ಮತ್ತೆ ಇದೇ ಕಥೆ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಗಾಡಿಯ ಮುಂದಿನ ಸಸ್ಪೆನ್ಷನ್ ಡಬಲ್ ವಿಶ್‌ಬೋನ್. ಪ್ರತಿ ಚಕ್ರಕ್ಕೂ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್. ಆರ್ಮ್ ಚಾಸಿಗೆ ಸೇರುವ ಕಡೆ ಬುಶ್ ಇರುತ್ತದೆ. ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಸಣ್ಣ ಕೊಳವೆ, ಇವೆರಡರ ನಡುವೆ ರಬ್ಬರ್. ಈ ರಬ್ಬರನ್ನು ಎರಡೂ ಕೊಳವೆಗೆ ಬಿಸಿಯಲ್ಲಿ ಅಂಟಿಸಿರುತ್ತಾರೆ. ಹೊರಗಿನ ಕೊಳವೆ ಆರ್ಮ್‌ನ ಕಣ್ಣಿನಲ್ಲಿ, ಅಂದರೆ ದುಂಡು ತೂತಿನಲ್ಲಿ, ಬಿಗಿಯಾಗಿ ಕೂತಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟು ಚಾಸಿಯ ಬ್ರ್ಯಾಕೆಟ್ ನಡುವೆ ಹಿಡಿದಿಡುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಒಳಗಿನ ಕೊಳವೆ ಅಲ್ಲಾಡುವ ಹಾಗೇ ಇಲ್ಲ. ಚಕ್ರ ಮೇಲೆ ಕೆಳಗೆ ಆಡಿದಾಗ ಆರ್ಮ್ ತಿರುಗುತ್ತದಲ್ಲ, ಆ ತಿರುಗುವಿಕೆಯನ್ನೆಲ್ಲ ರಬ್ಬರೇ ತಿರುಚಿಕೊಂಡು ತಡೆದುಕೊಳ್ಳಬೇಕು. ಬೇರಿಂಗ್ ತರಹ ಜಾರುವ ಭಾಗ ಅಲ್ಲಿ ಏನೂ ಇಲ್ಲ.

ಈಗ ಲೆಕ್ಕ ಹಾಕಿ. ಆರ್ಮ್ ಉದ್ದ 40 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. ಗಾಡಿ ಎತ್ತಿದಾಗ ಚಕ್ರ 9 ಸೆಂ.ಮೀ. ಕೆಳಗೆ ಜೋತು ಬೀಳುತ್ತದೆ ಅನ್ನೋಣ. ಆಗ ಆರ್ಮ್ ತನ್ನ ಮಾಮೂಲಿ ಜಾಗದಿಂದ ಸುಮಾರು 13 ಡಿಗ್ರಿ ಕೆಳಗಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ರಬ್ಬರ್‌ಗೆ ಅದೇ ‘ಸೊನ್ನೆ’ ಜಾಗ. ಗಾಡಿ ಇಳಿಸಿದ ತಕ್ಷಣ ರಬ್ಬರ್ 13 ಡಿಗ್ರಿ ತಿರುಚಿಕೊಳ್ಳುತ್ತದೆ. ಗಾಡಿ ನಿಂತಿದ್ದರೂ ಸರಿ, ರಾತ್ರಿಯೆಲ್ಲ ಶೆಡ್‌ನಲ್ಲಿದ್ದರೂ ಸರಿ, ಹಿಂಡಿಟ್ಟ ಒದ್ದೆ ಬಟ್ಟೆಯ ಹಾಗೆ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಹಂಪ್ ಬಂದಾಗ ಅದರ ಮೇಲೆ ಇನ್ನೂ ಹತ್ತು ಹನ್ನೆರಡು ಡಿಗ್ರಿ. ಒಳಕೊಳವೆಯ ಅಂಟು ಮೊದಲು ಬಿಡುತ್ತದೆ, ಆಮೇಲೆ ರಬ್ಬರ್ ಹರಿಯುತ್ತದೆ. ಹಂಪ್‌ಗಳ ನಮ್ಮ ಊರಲ್ಲಿ ಅದಕ್ಕೆ ಆರು ತಿಂಗಳು ಬೇಕಾದಷ್ಟಾಯಿತು.

ಇದನ್ನು ಮೆಕ್ಯಾನಿಕ್‌ಗಳ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ಗ್ಯಾರೇಜಿನಲ್ಲಿ ಗುಂಡಿ ಇದ್ದರೆ ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಕೆಳಗಿಳಿದು ಬಿಗಿ ಮಾಡಬಹುದು. ಎರಡು ಕಂಬದ ಲಿಫ್ಟ್‌ನಲ್ಲಿ ಗಾಡಿಯನ್ನು ಚಾಸಿಯಿಂದ ಎತ್ತುತ್ತಾರೆ, ನಾಲ್ಕೂ ಚಕ್ರ ಜೋತಾಡುತ್ತವೆ. ಕೆಲಸ ಮಾಡಲು ಅನುಕೂಲ, ಬೆನ್ನಿಗೂ ಆರಾಮ. ಬೋಲ್ಟು ಕಣ್ಣೆದುರೇ ಇರುತ್ತದೆ, ಇಂಪ್ಯಾಕ್ಟ್ ಗನ್ ಕೈಯಲ್ಲಿರುತ್ತದೆ. ಅಲ್ಲೇ ‘ಡರ್ರ್’ ಅಂತ ಬಿಗಿದು ಇಳಿಸಿಬಿಡುವುದು ಸುಲಭ ಅಲ್ವಾ?

ಆದರೂ ನಾನು ಹೇಳಿದೆ ಅಂತ ಸುಮ್ನೆ ನಂಬಬೇಡಿ. ಹಾಳಾದ ಬುಶ್ ತಾನೇ ಸಾಕ್ಷಿ ಹೇಳುತ್ತದೆ. ಈ ಸಲ ಬಿಚ್ಚಿದಾಗ ಹಳೆಯದನ್ನು ಗುಜರಿ ಡಬ್ಬಕ್ಕೆ ಹಾಕಲು ಬಿಡಬೇಡಿ. ಎಡ ಯಾವುದು, ಬಲ ಯಾವುದು, ಮುಂದಿನದು ಯಾವುದು, ಹಿಂದಿನದು ಯಾವುದು ಅಂತ ಚಾಕ್‌ಪೀಸಿನಲ್ಲಿ ಬರೆಸಿ ಇಸಿದುಕೊಳ್ಳಿ. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿ. ರಬ್ಬರು ಒಳಕೊಳವೆಯ ಸುತ್ತ ಬಳೆಯಾಕಾರದಲ್ಲಿ ಬಿಟ್ಟುಕೊಂಡಿದ್ದು, ಹರಿದ ಎಳೆಗಳು ಒಂದೇ ದಿಕ್ಕಿಗೆ ಓರೆಯಾಗಿದ್ದರೆ, ಅದು ತಿರುಚಿ ಸತ್ತ ಬುಶ್. ಜೋತಾಡುವಾಗ ಬಿಗಿದದ್ದರ ಗುರುತು ಇದು. ಒಳಕೊಳವೆ ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದು, ಆ ಪಕ್ಕದ ರಬ್ಬರ್ ಮಾತ್ರ ನುಜ್ಜಾಗಿದ್ದರೆ ರಸ್ತೆ ಗುಂಡಿಯ ಹೊಡೆತ ಅಥವಾ ಬ್ರೇಕಿನ ಹೊಡೆತ ಜಾಸ್ತಿ ಬಿದ್ದಿದೆ ಅಂತ ಅರ್ಥ. ರಬ್ಬರ್ ಊದಿಕೊಂಡು, ಮೆತ್ತಗಾಗಿ, ಬೆರಳಿಗೆ ಕಪ್ಪಗೆ ಅಂಟಿದರೆ ಎಣ್ಣೆ ಕುಡಿದಿದೆ. ಹೊರಕೊಳವೆಯ ಮೇಲೆ ಫಳಫಳ ಉಜ್ಜಿದ ಗೆರೆ ಇದ್ದು ಕೆಂಪು ತುಕ್ಕಿನ ಪುಡಿ ಉದುರಿದರೆ, ಬುಶ್ ಆರ್ಮ್‌ನ ಕಣ್ಣಿನಲ್ಲಿ ಸಡಿಲವಾಗಿ ಆಡುತ್ತಿತ್ತು. ಆ ಆರ್ಮ್‌ಗೆ ಹೊಸ ಬುಶ್ ಹಾಕಿ ಪ್ರಯೋಜನವಿಲ್ಲ.

ಎಣ್ಣೆ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ವಾಟರ್ ಸರ್ವಿಸ್ ಆದ ಮೇಲೆ ಗಾಡಿ ಕೆಳಗೆಲ್ಲ ಡೀಸೆಲ್ಲೋ ಹಳೇ ಆಯಿಲ್ಲೋ ಸ್ಪ್ರೇ ಹೊಡೆಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ತುಕ್ಕು ಹಿಡಿಯಲ್ಲ, ಶಬ್ದ ಬರಲ್ಲ ಅಂತ. ಲೀಫ್ ಸ್ಪ್ರಿಂಗ್ ಮಾತ್ರ ಇದ್ದ ಕಾಲಕ್ಕೆ ಅದು ನಡೆಯುತ್ತಿತ್ತು. ಬುಶ್‌ಗೆ ಬಳಸುವ ನೈಸರ್ಗಿಕ ರಬ್ಬರ್‌ಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಊದಿಕೊಂಡು ಬಲ ಕಳೆದುಕೊಳ್ಳುತ್ತದೆ. ನೀವು ಹೊಡೆಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಎಂಜಿನ್ನಿಂದಲೋ ಪವರ್ ಸ್ಟೀರಿಂಗಿನಿಂದಲೋ ಆಯಿಲ್ ತೊಟ್ಟಿಕ್ಕಿ ಆರ್ಮ್ ಮೇಲೆ ಬೀಳುತ್ತಿದೆಯಾ ಅಂತಲೂ ನೋಡಿಸಿ.

ಇನ್ನು, ಶಬ್ದ ಬುಶ್‌ನದ್ದೇನಾ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳದೆ ಏನನ್ನೂ ಬಿಚ್ಚಿಸಬೇಡಿ. ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಅಡ್ಡ ಸರಳಿನ ಕೊಂಡಿ) ಹೋಗಿದ್ದರೆ ಸಣ್ಣ ಸಣ್ಣ ಉಬ್ಬುತಗ್ಗಿನ ಮೇಲೆ ನಿಧಾನಕ್ಕೆ ಹೋಗುವಾಗ ‘ಕಟಕಟ’ ಅನ್ನುತ್ತದೆ. ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಗುಂಡಿನ ಕೀಲು) ಆದರೆ ಸ್ಟೀರಿಂಗ್ ತಿರುಗಿಸುತ್ತಾ ತಗ್ಗಿಗೆ ಇಳಿಸಿದಾಗ ‘ಟಕ್’. ಬುಶ್‌ನ ಶಬ್ದ ಮಂದವಾಗಿರುತ್ತದೆ, ‘ದಡ್’ ಅಂತ, ಕಾಲ ಕೆಳಗೆ ತಟ್ಟಿದ ಹಾಗೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ, ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ ಜಾಸ್ತಿ. ಮನೆ ಹತ್ತಿರವೇ ನೋಡಬಹುದು. ಸಮತಟ್ಟು ಜಾಗದಲ್ಲಿ ಒಬ್ಬರು ಗಾಡಿಯಲ್ಲಿ ಕೂತು ಒಂದೆರಡು ಅಡಿ ಹಿಂದೆ ಮುಂದೆ ಮಾಡುತ್ತಾ ಬ್ರೇಕ್ ಒತ್ತಲಿ. ನೀವು ಪಕ್ಕದಲ್ಲಿ, ಚಕ್ರದ ದಾರಿಯಿಂದ ದೂರ ನಿಂತು, ಟಾರ್ಚ್ ಬಿಟ್ಟು ನೋಡಿ. ಲೋವರ್ ಆರ್ಮ್‌ನ ಬುಡ ಬ್ರ್ಯಾಕೆಟ್ ಒಳಗೆ ಹಿಂದಕ್ಕೆ ಮುಂದಕ್ಕೆ ಕಣ್ಣಿಗೆ ಕಾಣುವಷ್ಟು ಸರಿದರೆ ಬುಶ್ ಹೋಗಿದೆ. ಗ್ಯಾರೇಜಿನಲ್ಲಾದರೆ ಟಾಮಿ (ಕಬ್ಬಿಣದ ಸಲಾಕೆ) ಹಾಕಿ ಮೀಟಿ ನೋಡುತ್ತಾರೆ. ರಬ್ಬರ್ ಸ್ವಲ್ಪ ಬಗ್ಗುವುದು ಸಹಜ. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು. ರಬ್ಬರ್ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡ ಮಾತ್ರಕ್ಕೆ ‘ಹೋಯ್ತು ಸರ್’ ಅಂದರೆ ಒಪ್ಪಬೇಡಿ.

ನೀವು ಹೇಳಿದ ಲಕ್ಷಣ ಮಾತ್ರ ಬುಶ್ ಕಡೆಗೇ ಬೊಟ್ಟು ಮಾಡುತ್ತದೆ. ಬ್ರೇಕ್ ಹಾಕಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಆ ಬಲದ ದೊಡ್ಡ ಪಾಲು ಲೋವರ್ ಆರ್ಮ್ ಬುಶ್ ಮೇಲೆ ಬೀಳುತ್ತದೆ. ಎಡಗಡೆ ಬುಶ್ ಸಡಿಲವಾಗಿದ್ದರೆ ಆ ಚಕ್ರ ಹಿಂದೆ ಸರಿದು ದಿಕ್ಕು ತಪ್ಪುತ್ತದೆ, ಗಾಡಿ ಎಳೆಯುತ್ತದೆ, ಟೈರಿನ ಅಂಚು ಉಜ್ಜುತ್ತದೆ. ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ ನೋಡಿ. ಒಂದು ದಿಕ್ಕಿಗೆ ನಯವಾಗಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಅಳತೆ) ಕೆಟ್ಟಿದೆ. ಅಂಚು ನಯವಾಗಿಯೇ ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಅಳತೆ) ಕಡೆ ನೋಡಬೇಕು. ಹಾಗೆಯೇ ಎರಡೂ ಕಡೆ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಪಿನ್ ಜಾಮ್ ಆಗಿಲ್ಲ ಅನ್ನುವುದನ್ನೂ ನೋಡಿಸಿಬಿಡಿ, ಅದೂ ಒಂದು ಪಕ್ಕಕ್ಕೆ ಎಳೆಯುತ್ತದೆ.

ಈಗ ಕೆಲಸಕ್ಕೆ ಬರೋಣ. ಇದು ರಸ್ತೆ ಬದಿಯಲ್ಲಿ ಜ್ಯಾಕ್ ಹಾಕಿ ಮಾಡುವ ಕೆಲಸ ಅಲ್ಲ. ಬುಶ್ ಒತ್ತಿ ಕೂರಿಸುವ ಪ್ರೆಸ್ ಬೇಕು, ಬಿಗಿಯನ್ನು ಅಳೆದು ಕೊಡುವ ಟಾರ್ಕ್ ರೆಂಚ್ ಬೇಕು, ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಬೇಕು. ಆದರೆ ನೀವು ಪಕ್ಕದಲ್ಲಿ ನಿಂತು ಕೆಲವನ್ನು ನೋಡಿಕೊಳ್ಳಬಹುದು.

ಮೊದಲನೆಯದು, ಜ್ಯಾಕ್ ಹಾಕುವುದಕ್ಕೂ ಮುಂಚೆ ಅಳತೆ. ಗಾಡಿ ಖಾಲಿ ಇರಲಿ, ನೆಲ ಸಮತಟ್ಟಿರಲಿ, ಟೈರಿನ ಗಾಳಿ ಸರಿ ಇರಲಿ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಫೆಂಡರ್ ಮೇಲೆ ಟೇಪ್ ಅಂಟಿಸಿ ಬರೆದಿಡಿ. ಗುಂಡಿ ಇಲ್ಲದ ಗ್ಯಾರೇಜಿನಲ್ಲೂ ಸರಿಯಾದ ಎತ್ತರದಲ್ಲಿ ಬಿಗಿ ಮಾಡಲು ಈ ಎರಡು ಸಂಖ್ಯೆ ಸಾಕು. ಎಲ್ಲ ಜೋಡಿಸಿದ ಮೇಲೆ ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಲೋವರ್ ಆರ್ಮ್ ಕೆಳಗೆ ಬಾಲ್ ಜಾಯಿಂಟ್ ಹತ್ತಿರ ಜ್ಯಾಕ್ ಕೊಟ್ಟು, ಅದೇ ಅಳತೆ ಬರುವವರೆಗೆ ಎತ್ತಬೇಕು. ಆಗ ಕೊನೆಯ ಬಿಗಿ. ಅಪ್ಪರ್ ಆರ್ಮ್‌ಗೂ ಇದೇ ನಿಯಮ, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬುಶ್‌ಗೂ ಇದೇ. ಲೋಡ್ ಹಾಕಿ ಬಿಗಿಯಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಪಿಕಪ್‌ನಲ್ಲಿ ಲೋಡಿನ ಭಾರ ಹೆಚ್ಚಿನಂಶ ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ, ಮುಂದಿನ ಎತ್ತರ ಅಷ್ಟೇನೂ ಬದಲಾಗುವುದಿಲ್ಲ.

ಬಿಚ್ಚುವಾಗ ಲೋವರ್ ಆರ್ಮ್ ಬೋಲ್ಟಿನ ತಲೆ ಹತ್ತಿರ ಗೆರೆ ಕೊರೆದ ದುಂಡನೆಯ ವಾಷರ್ ಇದ್ದರೆ, ಅದು ಅಲೈನ್‌ಮೆಂಟ್ ಮಾಡುವ ಕ್ಯಾಮ್ ಬೋಲ್ಟ್. ಬಿಚ್ಚುವ ಮುಂಚೆ ಗೆರೆ ಎಲ್ಲಿದೆ ಅಂತ ಪೇಂಟ್ ಗುರುತು ಹಾಕಿ, ಫೋನಿನಲ್ಲಿ ಫೋಟೋನೂ ತೆಗೆಯಿರಿ. ಅಪ್ಪರ್ ಆರ್ಮ್ ಹತ್ತಿರ ತೆಳು ಶಿಮ್ (ಸಂದಿ ತುಂಬುವ ಲೋಹದ ತುಂಡು) ಇರುವ ಗಾಡಿಗಳಲ್ಲಿ ಎಲ್ಲಿಂದ ಎಷ್ಟು ಶಿಮ್ ಬಂತು ಅಂತ ಬರೆದಿಡಬೇಕು. ಕ್ಯಾಲಿಪರ್ ಬಿಚ್ಚಿದರೆ ತಂತಿ ಹಾಕಿ ಕಟ್ಟಬೇಕು, ಬ್ರೇಕ್ ಹೋಸ್‌ಗೆ ಜೋತು ಬೀಳಬಾರದು. ಎಬಿಎಸ್ ವೈರ್ ಕ್ಲಿಪ್ ಮೊದಲೇ ಬಿಡಿಸಬೇಕು. ಕಾಯಿಲ್ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಸೆಟ್ ಆಗಿ ಹೊರಗೆ ಬರುತ್ತವೆ, ಅದರ ಮೇಲ್ಗಡೆ ನಡುವಿನ ನಟ್ಟನ್ನು ಮಾತ್ರ ಯಾರೂ ಮುಟ್ಟಬಾರದು. ಒತ್ತಿಟ್ಟ ಸ್ಪ್ರಿಂಗ್ ಬಿಟ್ಟುಕೊಂಡರೆ ಜೀವಕ್ಕೇ ಅಪಾಯ. ಟಾಟಾ ಝೆನಾನ್ ತರಹ ಮುಂದೆ ಟಾರ್ಷನ್ ಬಾರ್ (ಕಾಯಿಲ್ ಸ್ಪ್ರಿಂಗ್ ಬದಲು ತಿರುಚಿಕೊಂಡು ಕೆಲಸ ಮಾಡುವ ಸರಳು) ಇರುವ ಗಾಡಿಯವರು ಇದನ್ನು ಓದುತ್ತಿದ್ದರೆ, ಆರ್ಮ್ ಬಿಚ್ಚುವ ಮುಂಚೆ ಬಾರಿನ ಬಿಗಿ ಇಳಿಸಲೇಬೇಕು, ಅಡ್ಜಸ್ಟಿಂಗ್ ಬೋಲ್ಟ್ ಎಷ್ಟು ಒಳಗಿತ್ತು ಅಂತ ಅಳೆದಿಡಬೇಕು.

ಬುಶ್ ತೆಗೆಯುವ ಕೆಲಸದಲ್ಲಿ ಇನ್ನೊಂದು ಅನ್ಯಾಯ ನಡೆಯುತ್ತದೆ. ಗ್ಯಾಸ್ ಕಟ್ಟರ್ ಹಿಡಿದು ರಬ್ಬರ್ ಸುಟ್ಟು, ಉಳಿದ ಕೊಳವೆಯನ್ನು ಉಳಿಯಿಂದ ಸೀಳಿ ತೆಗೆಯುವುದು. ಬೇಗ ಆಗುತ್ತದೆ, ನಿಜ. ಆದರೆ ಆರ್ಮ್‌ನ ಕಣ್ಣು ಕಾದು ಸೊಟ್ಟಗಾಗುತ್ತದೆ, ಉಳಿಯ ಗಾಯ ಒಳಗೆ ಉಳಿಯುತ್ತದೆ. ಆ ಹೊಗೆ ಕುಡಿಯುವವನು ಪಕ್ಕದಲ್ಲಿ ಕೂತ ಹುಡುಗ. ಗ್ಯಾರೇಜಿನಲ್ಲಿ ಪ್ರೆಸ್ ಇಲ್ಲದಿದ್ದರೆ ಆರ್ಮ್ ಎತ್ತಿಕೊಂಡು ಲೇತ್ ಅಂಗಡಿಗೆ ಹೋಗಿ. ನಿಮಗಂತೂ ಪೀಣ್ಯ ಪಕ್ಕದಲ್ಲೇ ಇದೆ, ಹೈಡ್ರಾಲಿಕ್ ಪ್ರೆಸ್ ಇರುವ ಶೆಡ್‌ಗೆ ಬರವಿಲ್ಲ.

ಪ್ರೆಸ್ ಮಾಡುವಾಗ ಬಲ ಬೀಳಬೇಕಾದ್ದು ಬುಶ್‌ನ ಹೊರಕೊಳವೆಯ ಅಂಚಿನ ಮೇಲೆ ಮಾತ್ರ. ನಡುವಿನ ಕೊಳವೆ ಮೇಲೆ ಒತ್ತಿದರೆ ಹೊಸ ಬುಶ್‌ನ ಅಂಟು ಅಲ್ಲೇ ಕಿತ್ತು ಬರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಸರಿಯಾದ ಅಳತೆಯ ಪೈಪ್ ತುಂಡೊಂದು ಇಟ್ಟು ಒತ್ತಬೇಕು, ಕೆಳಗೆ ಆರ್ಮ್‌ನ ಕಣ್ಣಿಗೂ ಅಂಥದ್ದೇ ಆಸರೆ ಕೊಡಬೇಕು. ಹಳೆಯದು ಎಷ್ಟು ಆಳಕ್ಕೆ ಕೂತಿತ್ತೋ ಹೊಸದೂ ಅಷ್ಟಕ್ಕೇ ಕೂರಬೇಕು. ಕೆಲವು ಬುಶ್‌ಗಳಲ್ಲಿ ರಬ್ಬರ್ ನಡುವೆ ಬೇಕಂತಲೇ ಖಾಲಿ ಸೀಳು ಬಿಟ್ಟಿರುತ್ತಾರೆ. ಆ ಸೀಳು ಯಾವ ದಿಕ್ಕಿಗಿದೆ ಅನ್ನುವುದು ಮುಖ್ಯ, ಯಾಕೆಂದರೆ ಆ ದಿಕ್ಕಿಗೆ ಬುಶ್ ಮೆತ್ತಗೆ, ಅಡ್ಡ ದಿಕ್ಕಿಗೆ ಗಟ್ಟಿ. ಹಳೆಯದನ್ನು ತೆಗೆಯುವ ಮುಂಚೆಯೇ ಆರ್ಮ್ ಮೇಲೆ ಗುರುತು ಹಾಕಿಸಿ. ಜಾರಲಿ ಅಂತ ಗ್ರೀಸ್ ಬಳಿಯಬಾರದು, ಸೋಪು ನೀರು ಸಾಕು. ಬುಶ್ ಕೈಯಲ್ಲಿ ಒತ್ತಿದರೇ ಒಳಗೆ ಹೋಯಿತು ಅಂದರೆ ಕಣ್ಣು ಸವೆದಿದೆ, ಆ ಆರ್ಮ್ ಮುಗಿಯಿತು. ಸುತ್ತ ನಾಲ್ಕು ಕಡೆ ವೆಲ್ಡ್ ಚುಕ್ಕೆ ಇಟ್ಟು ನಿಲ್ಲಿಸುತ್ತೇವೆ ಅಂದರೆ ಬೇಡ ಅನ್ನಿ. ಆ ಬಿಸಿಗೆ ಒಳಗಿನ ರಬ್ಬರ್ ಸುಟ್ಟುಹೋಗುತ್ತದೆ.

ಬೋಲ್ಟು ಒಳಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿದ್ದು, ಕತ್ತರಿಸಿ ತೆಗೆಯಬೇಕಾದರೆ ಹೊಸ ಬೋಲ್ಟೇ ಹಾಕಿಸಿ. ಲಾಕ್ ನಟ್ಟು ಹೇಗೂ ಹೊಸದು. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ ಆಗಬೇಕು. ಎಷ್ಟು ಅನ್ನುವುದು ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಲ್ಲಿ ನ್ಯೂಟನ್ ಮೀಟರ್ ಇದ್ದು ರೆಂಚಿನಲ್ಲಿ ಕೆ.ಜಿ.-ಮೀಟರ್ (kgf·m) ಗುರುತು ಇದ್ದರೆ 9.8ರಿಂದ ಭಾಗಿಸಿ.

ಇನ್ನು ಆ ಮೂವರ ಮಾತು. ‘ಲೋಕಲ್ ಬುಶ್’ ಅನ್ನುವುದೂ ಸುಳ್ಳಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದೇ ಗಾಡಿಗೆ ನಾಲ್ಕು ಬೆಲೆಯ ಬುಶ್ ಸಿಗುತ್ತದೆ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಅದೇ ನಂಬರಿನ ಕಂಪನಿ ಮಾಲನ್ನು ಬಿಲ್ ಸಮೇತ ತೆಗೆದುಕೊಳ್ಳಿ. ಪಾಲಿಯುರೇಥೇನ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಅದರಲ್ಲಿ ಒಳಕೊಳವೆ ಜಾರಿ ತಿರುಗುತ್ತದೆ, ತಿರುಚುವ ತೊಂದರೆಯೇ ಇಲ್ಲ. ಆಯಿಲ್‌ಗೂ ಅಷ್ಟು ಹೆದರುವುದಿಲ್ಲ. ಆದರೆ ಗಟ್ಟಿ ಜಾಸ್ತಿ. ರಬ್ಬರ್ ಬುಶ್ ಗಟ್ಟಿತನದ ಶೋರ್ ಎ ಅಳತೆಯಲ್ಲಿ ಸುಮಾರು 50ರಿಂದ 70ರ ನಡುವೆ ಇದ್ದರೆ ಇದು 80, 90ರ ಆಸುಪಾಸು. ಗುಂಡಿಯ ಹೊಡೆತವೆಲ್ಲ ಚಾಸಿಗೆ, ಸ್ಟೀರಿಂಗಿಗೆ ಬರುತ್ತದೆ. ಗ್ರೀಸ್ ಒಣಗಿದರೆ ಕಿರ್ ಕಿರ್ ಅನ್ನುತ್ತದೆ, ಮತ್ತೆ ಬಿಚ್ಚಿ ಹಚ್ಚಬೇಕು. ಅದಕ್ಕೆ ಬೇಕಾದದ್ದು ಸಿಲಿಕೋನ್ ಗ್ರೀಸ್. ಕಾಡುಮೇಡು ಓಡಿಸುವ ಹವ್ಯಾಸದವರಿಗೆ ಸರಿ. ದಿನಾ ಹೊಸೂರು ರಸ್ತೆ ಟ್ರಾಫಿಕ್ಕಿನಲ್ಲಿ ದುಡಿಯುವ ನಿಮಗೆ ಕಂಪನಿ ರಬ್ಬರೇ ಒಳ್ಳೆಯದು.

ಆರ್ಮ್ ಸೆಟ್ ಯಾವಾಗ? ಕಣ್ಣು ಸವೆದಿದ್ದರೆ, ಆರ್ಮ್ ಬಗ್ಗಿದ್ದರೆ, ವೆಲ್ಡ್ ಪಕ್ಕ ಬಿರುಕಿದ್ದರೆ, ಇಲ್ಲವೇ ಬಾಲ್ ಜಾಯಿಂಟೂ ಹೋಗಿದ್ದು ಅದು ಬಿಡಿಯಾಗಿ ಸಿಗದಿದ್ದರೆ. ಆಗ ಕಂಪನಿ ಸೆಟ್ಟೇ ಹಾಕಿಸಿ. ಅಗ್ಗದ ಸೆಟ್ ಹಾಕಿಸಲು ಮೂಲ ಆರ್ಮ್ ಬಿಸಾಡಬೇಡಿ. ಮೂಲ ಆರ್ಮ್‌ಗೆ ಒಳ್ಳೆ ಬುಶ್ ಹಾಕಿದರೆ ಅದಕ್ಕಿಂತ ಗಟ್ಟಿ. ಮತ್ತೆ, ಹೊಸ ಸೆಟ್ ಹಾಕಿದರೂ ಬಿಗಿಯುವ ನಿಯಮ ಬದಲಾಗುವುದಿಲ್ಲ. ಎಡಗಡೆ ಮಾತ್ರ ಸತ್ತಿದ್ದರೂ ಬುಶ್‌ಗಳನ್ನು ಎರಡೂ ಕಡೆ ಒಟ್ಟಿಗೆ ಹಾಕಿಸಿ. ಬಲಗಡೆಯದೂ ಅದೇ ಗ್ಯಾರೇಜಿನಲ್ಲಿ, ಅದೇ ರೀತಿ ಬಿಗಿದದ್ದೇ ತಾನೆ.

ಅಲೈನ್‌ಮೆಂಟ್ ಬುಶ್ ಆದ ಮೇಲೆಯೇ, ಮೊದಲು ಮಾಡಿಸಿದರೆ ದುಡ್ಡು ನೀರಿಗೆ. ಸುಮಾರು ಅಂಗಡಿಗಳಲ್ಲಿ ಟೋ ಮಾತ್ರ ಸರಿ ಮಾಡಿ ಕಳಿಸುತ್ತಾರೆ. ಕ್ಯಾಂಬರ್, ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದೆ ಮುಂದೆ ವಾಲಿರುವ ಅಳತೆ) ಸಹಿತ, ಮುಂಚಿನ ಮತ್ತು ನಂತರದ ಪ್ರಿಂಟ್ ಎರಡೂ ಕೇಳಿ. ಅಲ್ಲಿ ಕ್ಯಾಮ್ ಬೋಲ್ಟ್ ಸಡಿಲಿಸಿದರೆ ಮತ್ತೆ ಟಾರ್ಕ್ ಕೊಟ್ಟೇ ಬಿಗಿಯಬೇಕು.

ಅಲ್ಲಿಯವರೆಗೆ ಓಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರೇಕಿನಲ್ಲಿ ಎಳೆಯುತ್ತಿರುವ ಗಾಡಿಗೆ ಫುಲ್ ಲೋಡ್ ಹಾಕಿ ಫ್ಲೈಓವರ್ ಮೇಲೆ ಹೊಡೆಯಬೇಡಿ. ಕೆಲಸ ಈ ವಾರವೇ ಮಾಡಿಸಿ. ಹಂಪ್‌ಗೆ ಮುಂಚೆಯೇ ಬ್ರೇಕ್ ಹಾಕಿ ವೇಗ ಇಳಿಸಿ, ಚಕ್ರ ಹತ್ತುವ ಹೊತ್ತಿಗೆ ಕಾಲು ತೆಗೆಯಿರಿ. ಬ್ರೇಕ್ ಒತ್ತಿಕೊಂಡೇ ಹತ್ತಿಸಿದರೆ ಎರಡು ಹೊಡೆತವೂ ಒಂದೇ ಬುಶ್ ಮೇಲೆ ಬೀಳುತ್ತವೆ. ಹೊಸ ಬುಶ್ ಹಾಕಿಸಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿಗೆ ಒಂದು ಪೇಂಟ್ ಗೆರೆ ಎಳೆಸಿ. ಸಾವಿರ ಕಿ.ಮೀ. ಆದ ಮೇಲೆ ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ, ಅವತ್ತೇ ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ ಟಾರ್ಕ್ ಕೊಡಿಸಿ.